ಕಂಪ್ಯೂಟರ್‌ಗೆ ಹೆಡ್‌ಫೋನ್ ಆಂಪ್ಲಿಫೈಯರ್ ಬೇಕಾ? ದುಡ್ಡು ಹಾಕುವ ಮುನ್ನ ಈ ಸರಳ ಲೆಕ್ಕ ಮಾಡಿ ನೋಡಿ

ಒಳ್ಳೆಯ ವೈರ್ಡ್ ಹೆಡ್‌ಫೋನ್ ಕೊಂಡವರು ಮುಂದೆ ಕೇಳುವ ಮೊದಲ ಪ್ರಶ್ನೆ ಇದು: 'ಇದಕ್ಕೆ ಆಂಪ್ಲಿಫೈಯರ್ ಬೇಕಾ?' ಆನ್‌ಲೈನ್ ಅಂಗಡಿಗಳಲ್ಲಿ ಸಾವಿರ ರೂಪಾಯಿಯ ಪುಟ್ಟ ಅಡಾಪ್ಟರ್‌ನಿಂದ ಹಿಡಿದು ಲಕ್ಷ ರೂಪಾಯಿ ದಾಟುವ ಪೆಟ್ಟಿಗೆಗಳವರೆಗೆ ಎಲ್ಲವೂ ಸಿಗುತ್ತವೆ. ಎಲ್ಲದರ ಮೇಲೂ 'ಹೈ-ರೆಸ್', '32 ಬಿಟ್', 'ಬ್ಯಾಲೆನ್ಸ್ಡ್' ಎಂಬ ಪದಗಳೇ. ಇವುಗಳಲ್ಲಿ ಯಾವುದು ಕಿವಿಗೆ ತಲುಪುತ್ತದೆ, ಯಾವುದು ಬರೀ ಡಬ್ಬಿಯ ಮೇಲಿನ ಅಲಂಕಾರ ಎಂದು ತಿಳಿಯದೆ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು.

ಪುಣೆಯ ಯೆರವಡಾವನ್ನೇ ತೆಗೆದುಕೊಳ್ಳಿ. ಕಾಮರ್‌ಜೋನ್‌ನಂಥ ಐಟಿ ಪಾರ್ಕ್ ಇಲ್ಲಿದೆ, ಭಾಷಾಶಾಸ್ತ್ರಕ್ಕೆ ಹೆಸರಾದ ಡೆಕ್ಕನ್ ಕಾಲೇಜು ಕೂಡ ಇಲ್ಲೇ ಇದೆ. ಇಂಥ ಕಡೆ ಇರುವವರಿಗೆ ಹೆಡ್‌ಫೋನ್ ಬರೀ ಹಾಡು ಕೇಳುವ ಸಾಧನವಲ್ಲ. ಹಗಲು ಕಚೇರಿಯ ಮೀಟಿಂಗ್, ಸಂಜೆ ಭೀಮಸೇನ ಜೋಶಿಯವರ ಖಯಾಲ್, ನಡುವೆ ಯಾವುದೋ ಸಂದರ್ಶನದ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವ ಕೆಲಸ, ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತವೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಮನೆಗಳಲ್ಲೂ ಇದೇ ಕಥೆ. ಹಾಗಾದರೆ ಆಂಪ್ಲಿಫೈಯರ್ ಯಾರಿಗೆ ಬೇಕು, ಯಾರಿಗೆ ಬೇಡ? ಬೇಕಿದ್ದರೆ ಎಂಥದ್ದು? ಇಲ್ಲಿದೆ ಪೂರ್ತಿ ವಿವರ.

ಮೊದಲು ಇದನ್ನು ತಿಳಿಯಿರಿ: ಡ್ಯಾಕ್ ಬೇರೆ, ಆಂಪ್ ಬೇರೆ

ಕಂಪ್ಯೂಟರ್‌ನಲ್ಲಿ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಆ ಅಂಕಿಗಳನ್ನು ವಿದ್ಯುತ್ ತರಂಗವಾಗಿ ಬದಲಿಸುವುದು ಡ್ಯಾಕ್. ಆ ದುರ್ಬಲ ತರಂಗಕ್ಕೆ ಹೆಡ್‌ಫೋನ್‌ನ ಕಾಯಿಲ್ ಅಲುಗಾಡಿಸುವಷ್ಟು ಶಕ್ತಿ ಕೊಡುವುದು ಆಂಪ್ಲಿಫೈಯರ್. ನಿಮ್ಮ ಲ್ಯಾಪ್‌ಟಾಪ್‌ನ 3.5 ಎಂಎಂ ಜ್ಯಾಕ್‌ನ ಹಿಂದೆ ಈ ಎರಡೂ ಈಗಾಗಲೇ ಇವೆ. ಅಂದರೆ ಆಂಪ್ಲಿಫೈಯರ್ ಇಲ್ಲದ ಲ್ಯಾಪ್‌ಟಾಪ್ ಎಂಬುದೇ ಇಲ್ಲ. ಇರುವ ಆಂಪ್ ನಿಮ್ಮ ಹೆಡ್‌ಫೋನ್‌ಗೆ ಸಾಲುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಮಾರುಕಟ್ಟೆಯಲ್ಲಿ ಸಿಗುವ ಸಾಧನಗಳು ಮೂರು ಬಗೆ. ಒಂದು, ಯುಎಸ್‌ಬಿ-ಸಿ ಡಾಂಗಲ್. ಬೆರಳುದ್ದದ ಇದರಲ್ಲಿ ಡ್ಯಾಕ್ ಮತ್ತು ಆಂಪ್ ಎರಡೂ ಇರುತ್ತವೆ. ಎರಡು, ಮೇಜಿನ ಮೇಲಿಡುವ ಡ್ಯಾಕ್-ಆಂಪ್. ಇದನ್ನೂ ಯುಎಸ್‌ಬಿಗೆ ಜೋಡಿಸಬಹುದು. ಮೂರು, ಬರೀ ಆಂಪ್. ಇದಕ್ಕೆ ಯುಎಸ್‌ಬಿ ಇರುವುದಿಲ್ಲ, ಬೇರೆ ಡ್ಯಾಕ್‌ನಿಂದ ಸಿಗ್ನಲ್ ಕೊಡಬೇಕು. ಬರೀ ಆಂಪ್ ಕೊಂಡು ಅದನ್ನು ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ಗೆ ಜೋಡಿಸಿದರೆ ಸದ್ದೇನೋ ಜೋರಾಗುತ್ತದೆ. ಆದರೆ ಲ್ಯಾಪ್‌ಟಾಪ್ ಜ್ಯಾಕ್‌ನಲ್ಲಿ ಗುಂಯ್‌ಗುಟ್ಟುವಿಕೆ ಇದ್ದರೆ ಅದೂ ಅಷ್ಟೇ ಜೋರಾಗುತ್ತದೆ. ಹಾಗಾಗಿ ಕಂಪ್ಯೂಟರ್‌ಗೆಂದೇ ಕೊಳ್ಳುವವರು ಯುಎಸ್‌ಬಿ ಇರುವ ಡ್ಯಾಕ್-ಆಂಪ್ ನೋಡುವುದು ಸರಿಯಾದ ದಾರಿ.

ಯಾರಿಗೆ ಬೇಡವೇ ಬೇಡ?

ಬ್ಲೂಟೂತ್ ಹೆಡ್‌ಫೋನ್ ಬಳಸುವವರಿಗೆ ಇದರ ಅಗತ್ಯವಿಲ್ಲ. ಅದರೊಳಗೇ ಡ್ಯಾಕ್ ಮತ್ತು ಆಂಪ್ ಇರುತ್ತವೆ. ಹೊರಗಿನ ಆಂಪ್‌ಗೆ ಅಲ್ಲಿ ಕೆಲಸವೇ ಇಲ್ಲ. ಯುಎಸ್‌ಬಿ ಹೆಡ್‌ಸೆಟ್‌ಗೂ ಇದೇ ಮಾತು ಅನ್ವಯ.

ಫೋನ್‌ಗೆಂದು ತಯಾರಾದ ಸಾಮಾನ್ಯ ಇಯರ್‌ಫೋನ್‌ಗಳು ಅತಿ ಕಡಿಮೆ ಶಕ್ತಿಯಲ್ಲೇ ಜೋರಾಗಿ ಕೇಳಿಸುತ್ತವೆ. ವಾಲ್ಯೂಮ್ ಅರ್ಧದಲ್ಲೇ ಸಾಕಾಗುತ್ತಿದೆ, ಹಾಡು ನಿಂತಾಗ ಹಿಂದೆ ಯಾವ ಸದ್ದೂ ಕೇಳುತ್ತಿಲ್ಲ ಎಂದಾದರೆ ನೀವು ಏನನ್ನೂ ಕೊಳ್ಳಬೇಕಿಲ್ಲ. ಅದೇ ಹಣದಲ್ಲಿ ಇನ್ನೂ ಉತ್ತಮ ಹೆಡ್‌ಫೋನ್ ಕೊಳ್ಳಿ. ಧ್ವನಿಯ ಗುಣದಲ್ಲಿ ಹೆಡ್‌ಫೋನ್ ಬದಲಾವಣೆ ತರುವ ವ್ಯತ್ಯಾಸದ ಮುಂದೆ ಆಂಪ್ ಬದಲಾವಣೆಯ ವ್ಯತ್ಯಾಸ ತೀರಾ ಚಿಕ್ಕದು.

ಡಬ್ಬಿಯ ಮೇಲಿನ ಎರಡು ಅಂಕಿಗಳು

ಹೆಡ್‌ಫೋನ್ ವಿವರಗಳಲ್ಲಿ ನೋಡಬೇಕಾದದ್ದು ಎರಡೇ. ಮೊದಲನೆಯದು ಇಂಪೀಡೆನ್ಸ್. ಇದು ಓಮ್‌ನಲ್ಲಿ ಇರುತ್ತದೆ. ಇಂಪೀಡೆನ್ಸ್ ಹೆಚ್ಚಿದ್ದಷ್ಟೂ ಆಂಪ್ ಹೆಚ್ಚು ವೋಲ್ಟೇಜ್ ಕೊಡಬೇಕು, ಕಡಿಮೆ ಇದ್ದಷ್ಟೂ ಹೆಚ್ಚು ಕರೆಂಟ್ ಕೊಡಬೇಕು. ಎರಡನೆಯದು ಸೆನ್ಸಿಟಿವಿಟಿ. ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂದು ಹೇಳುವ ಅಂಕಿ ಇದು.

ಬಹುತೇಕರು ಇಂಪೀಡೆನ್ಸ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುತ್ತಾರೆ. '32 ಓಮ್ ಆದರೆ ಆಂಪ್ ಬೇಡ, 250 ಓಮ್ ಆದರೆ ಬೇಕು' ಎಂಬ ಮಾತು ಅರ್ಧ ಸತ್ಯ ಮಾತ್ರ. ಸೆನ್ಸಿಟಿವಿಟಿ ಕಡಿಮೆ ಇರುವ 32 ಓಮ್ ಹೆಡ್‌ಫೋನ್, ಸೆನ್ಸಿಟಿವಿಟಿ ಚೆನ್ನಾಗಿರುವ 120 ಓಮ್ ಹೆಡ್‌ಫೋನ್‌ಗಿಂತ ಹೆಚ್ಚು ಶಕ್ತಿ ಬೇಡುವುದುಂಟು.

ಇಲ್ಲೊಂದು ಎಚ್ಚರಿಕೆ. ಸೆನ್ಸಿಟಿವಿಟಿಯನ್ನು ಕೆಲವು ಕಂಪನಿಗಳು ಒಂದು ಮಿಲಿವ್ಯಾಟ್‌ಗೆ ಎಂದು ಹೇಳುತ್ತವೆ, ಇನ್ನು ಕೆಲವು ಒಂದು ವೋಲ್ಟ್‌ಗೆ ಎಂದು ಹೇಳುತ್ತವೆ. ಇವೆರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಮಿಲಿವ್ಯಾಟ್ ಅಂಕಿಯನ್ನು ವೋಲ್ಟ್ ಅಂಕಿಗೆ ಬದಲಿಸಲು ಇಂಪೀಡೆನ್ಸ್‌ಗೆ ತಕ್ಕಂತೆ ಇಷ್ಟು ಸೇರಿಸಿ: 32 ಓಮ್‌ಗೆ 15 ಡೆಸಿಬೆಲ್, 64 ಓಮ್‌ಗೆ 12, 125 ಓಮ್‌ಗೆ 9, 250 ಓಮ್‌ಗೆ 6, 300 ಓಮ್‌ಗೆ 5. ಉದಾಹರಣೆಗೆ 250 ಓಮ್‌ನ, ಮಿಲಿವ್ಯಾಟ್‌ಗೆ 96 ಡೆಸಿಬೆಲ್‌ನ ಹೆಡ್‌ಫೋನ್ ಒಂದು ವೋಲ್ಟ್‌ಗೆ 102 ಡೆಸಿಬೆಲ್ ಕೊಡುತ್ತದೆ.

ಎಷ್ಟು ಜೋರು ಸಾಕು?

ಸಂಗೀತದಲ್ಲಿ ಸದ್ದು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಖಯಾಲ್‌ನ ಆರಂಭದ ಆಲಾಪ ಮೆಲ್ಲಗೆ ಇರುತ್ತದೆ, ತಾನ್‌ಗೆ ಬರುವಾಗ ದನಿ ಏರಿರುತ್ತದೆ. ಸರಾಸರಿ 75ರಿಂದ 80 ಡೆಸಿಬೆಲ್‌ನಲ್ಲಿ ಕೇಳುವಾಗಲೂ ಕ್ಷಣಿಕ ಏರಿಕೆಗಳು ಅದಕ್ಕಿಂತ 15–20 ಡೆಸಿಬೆಲ್ ಮೇಲೆ ಹೋಗಬಹುದು. ಹಳೆಯ ರೆಕಾರ್ಡಿಂಗ್‌ಗಳ ಮಟ್ಟವೇ ಕಡಿಮೆ ಇರುವುದೂ ಉಂಟು. ಇದೆಲ್ಲ ಸೇರಿಸಿ ಏರಿಕೆಗೆ 110 ಡೆಸಿಬೆಲ್ ತಲುಪುವ ಸಾಮರ್ಥ್ಯ ಇದ್ದರೆ ಧಾರಾಳವಾಗಿ ಸಾಕು. ನೆನಪಿರಲಿ, ಇದು ಕೇಳಬೇಕಾದ ಮಟ್ಟವಲ್ಲ. ಆಂಪ್ ಮುಗ್ಗರಿಸದಿರಲು ಇಟ್ಟುಕೊಳ್ಳುವ ಮಿಗಿಲು ಅಷ್ಟೇ.

ಲೆಕ್ಕದ ಸೂತ್ರ ಸುಲಭ. ಸದ್ದು 3 ಡೆಸಿಬೆಲ್ ಏರಲು ಶಕ್ತಿ ಎರಡು ಪಟ್ಟು ಬೇಕು, 10 ಡೆಸಿಬೆಲ್ ಏರಲು ಹತ್ತು ಪಟ್ಟು ಬೇಕು. ಜನಪ್ರಿಯವಾದ ಕೆಲವು ಹೆಡ್‌ಫೋನ್‌ಗಳಿಗೆ ಕಂಪನಿಗಳೇ ಕೊಟ್ಟ ಅಂಕಿಗಳ ಮೇಲೆ 110 ಡೆಸಿಬೆಲ್‌ಗೆ ಬೇಕಾಗುವ ಶಕ್ತಿ ಹೀಗಿದೆ:

* ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ (38 ಓಮ್, ಮಿಲಿವ್ಯಾಟ್‌ಗೆ 99 ಡೆಸಿಬೆಲ್): ಸುಮಾರು 0.7 ವೋಲ್ಟ್, 13 ಮಿಲಿವ್ಯಾಟ್
* ಸೆನ್‌ಹೈಸರ್ ಎಚ್‌ಡಿ 560ಎಸ್ (120 ಓಮ್, ವೋಲ್ಟ್‌ಗೆ 110 ಡೆಸಿಬೆಲ್): 1 ವೋಲ್ಟ್, ಸುಮಾರು 8 ಮಿಲಿವ್ಯಾಟ್
* ಸೆನ್‌ಹೈಸರ್ ಎಚ್‌ಡಿ 650 (300 ಓಮ್, ವೋಲ್ಟ್‌ಗೆ 103 ಡೆಸಿಬೆಲ್): ಸುಮಾರು 2.2 ವೋಲ್ಟ್, 17 ಮಿಲಿವ್ಯಾಟ್
* ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ (250 ಓಮ್, ಮಿಲಿವ್ಯಾಟ್‌ಗೆ 96 ಡೆಸಿಬೆಲ್): ಸುಮಾರು 2.5 ವೋಲ್ಟ್, 25 ಮಿಲಿವ್ಯಾಟ್
* ಹೈಫೈಮ್ಯಾನ್ ಸುಂದರಾ (37 ಓಮ್, ಕಂಪನಿಯ 94 ಡೆಸಿಬೆಲ್ ಅಂಕಿಯನ್ನು ಮಿಲಿವ್ಯಾಟ್ ಲೆಕ್ಕವೆಂದು ಹಿಡಿದರೆ): ಸುಮಾರು 1.2 ವೋಲ್ಟ್, 40 ಮಿಲಿವ್ಯಾಟ್

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಡುತ್ತಿರುವುದು 300 ಓಮ್‌ನದ್ದಲ್ಲ, 37 ಓಮ್‌ನದ್ದು. ಅಷ್ಟೇ ಅಲ್ಲ, ಯಾವುದಕ್ಕೂ 50 ಮಿಲಿವ್ಯಾಟ್ ಕೂಡ ಬೇಕಿಲ್ಲ. ಹೀಗಿರುವಾಗ '2000 ಮಿಲಿವ್ಯಾಟ್' ಎಂಬ ಜಾಹೀರಾತಿಗೆ ಮಾರುಹೋಗಿ ದುಬಾರಿ ಪೆಟ್ಟಿಗೆ ಕೊಳ್ಳುವುದರಲ್ಲಿ ಅರ್ಥವಿಲ್ಲ.

ನಿಮ್ಮ ಲ್ಯಾಪ್‌ಟಾಪ್ ಎಷ್ಟು ಕೊಡುತ್ತದೆ?

ಸಾಮಾನ್ಯ ಲ್ಯಾಪ್‌ಟಾಪ್‌ಗಳ ಜ್ಯಾಕ್ ಕೊಡುವುದು 1 ವೋಲ್ಟ್ ಆಸುಪಾಸು. ಮೇಲಿನ ಪಟ್ಟಿಯ ಮೊದಲ ಎರಡಕ್ಕೆ ಇದು ಸಾಕು. ಎಚ್‌ಡಿ 650 ಅಥವಾ ಡಿಟಿ 990 ಪ್ರೊ ಜೋಡಿಸಿದರೂ ಸಿನಿಮಾ ಹಾಡು ಕೇಳಲು ತೊಂದರೆಯಾಗದು. ಇಂದಿನ ಸಿನಿಮಾ ಹಾಡುಗಳನ್ನು ಜೋರಾಗಿಯೇ ಮಾಸ್ಟರ್ ಮಾಡಿರುತ್ತಾರೆ. ಮೆಲುದನಿಯ ಶಾಸ್ತ್ರೀಯ ಸಂಗೀತ ಅಥವಾ ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಆದ ಸಂದರ್ಶನ ಕೇಳುವಾಗ ಮಾತ್ರ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದೆನಿಸುತ್ತದೆ.

ಆಪಲ್ ಲ್ಯಾಪ್‌ಟಾಪ್ ಇದ್ದವರು ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ. 2021ರಿಂದ ಬಂದ ಮ್ಯಾಕ್‌ಬುಕ್ ಪ್ರೊ ಮತ್ತು 2022ರಿಂದ ಬಂದ ಮ್ಯಾಕ್‌ಬುಕ್ ಏರ್‌ನ ಜ್ಯಾಕ್, ಜೋಡಿಸಿದ ಹೆಡ್‌ಫೋನ್‌ನ ಇಂಪೀಡೆನ್ಸ್ ಅನ್ನು ತಾನೇ ಗುರುತಿಸುತ್ತದೆ. 150 ಓಮ್‌ಗಿಂತ ಕಡಿಮೆ ಇದ್ದರೆ 1.25 ವೋಲ್ಟ್‌ವರೆಗೆ, 150ರಿಂದ 1000 ಓಮ್ ಇದ್ದರೆ 3 ವೋಲ್ಟ್‌ವರೆಗೆ ಕೊಡುತ್ತದೆ. ಮೇಲಿನ ಪಟ್ಟಿಯ ಐದೂ ಹೆಡ್‌ಫೋನ್‌ಗಳಿಗೆ ಇದು ಸಾಕಾಗುತ್ತದೆ. ಇಂಥ ಲ್ಯಾಪ್‌ಟಾಪ್ ಕೈಯಲ್ಲಿಟ್ಟುಕೊಂಡು ಹೊರಗಿನ ಆಂಪ್ ಕೊಳ್ಳುವ ಅಗತ್ಯ ಬಹುತೇಕರಿಗೆ ಬರುವುದಿಲ್ಲ.

ಔಟ್‌ಪುಟ್ ಇಂಪೀಡೆನ್ಸ್: ಯಾರೂ ಹೇಳದ ಅಂಕಿ

ಶಕ್ತಿ ಸಾಕಾದರೂ ಕೆಲವು ಕಂಪ್ಯೂಟರ್‌ಗಳಲ್ಲಿ ಬಾಸ್ ಯಾಕೋ ದಪ್ಪಗೆ, ಮಸುಕಾಗಿ ಕೇಳುತ್ತದೆ. ಇದಕ್ಕೆ ಕಾರಣ ಜ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್. ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಇದು ಹತ್ತಾರು ಓಮ್ ಇರುವುದುಂಟು.

ಹೆಡ್‌ಫೋನ್‌ನ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. 32 ಓಮ್ ಎಂದು ಬರೆದಿರುವ ಒಂದು ಹೆಡ್‌ಫೋನ್ ಬಾಸ್‌ನಲ್ಲಿ 64 ಓಮ್‌ಗೆ ಏರುತ್ತದೆ ಎಂದುಕೊಳ್ಳಿ. ಅದನ್ನು 32 ಓಮ್ ಔಟ್‌ಪುಟ್ ಇಂಪೀಡೆನ್ಸ್ ಇರುವ ಜ್ಯಾಕ್‌ಗೆ ಜೋಡಿಸಿದರೆ ಉಳಿದ ಸ್ವರಗಳಿಗಿಂತ ಬಾಸ್ ಸುಮಾರು 2.5 ಡೆಸಿಬೆಲ್ ಹೆಚ್ಚಾಗುತ್ತದೆ. ಇದು ಕಿವಿಗೆ ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸ. ಅದೇ ಹೆಡ್‌ಫೋನ್‌ಗೆ 1 ಓಮ್ ಔಟ್‌ಪುಟ್‌ನ ಆಂಪ್ ಕೊಟ್ಟರೆ ವ್ಯತ್ಯಾಸ 0.2 ಡೆಸಿಬೆಲ್ ಕೂಡ ಇರುವುದಿಲ್ಲ.

ಹಾಗಾಗಿ ನಿಯಮ ಇಷ್ಟೇ: ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. 32 ಓಮ್‌ನದ್ದಕ್ಕೆ 4 ಓಮ್ ಒಳಗೆ, 16 ಓಮ್‌ನ ಇಯರ್‌ಫೋನ್‌ಗೆ 2 ಓಮ್ ಒಳಗೆ. 1 ಓಮ್ ಅಥವಾ ಅದಕ್ಕಿಂತ ಕಡಿಮೆ ಇರುವ ಆಂಪ್ ಕೊಂಡರೆ ಈ ತಲೆನೋವೇ ಇಲ್ಲ. ಈ ಅಂಕಿಯನ್ನು ಬಹಿರಂಗವಾಗಿ ಹೇಳದ ಸಾಧನವನ್ನು ಕೊಳ್ಳದಿರುವುದೇ ಮೇಲು.

ಅಗ್ಗದ ದಾರಿ: ಡಾಂಗಲ್

ಲೆಕ್ಕ ಮಾಡಿದ ಮೇಲೆ ಲ್ಯಾಪ್‌ಟಾಪ್ ಜ್ಯಾಕ್ ಸಾಲದು ಅಥವಾ ಅದರಲ್ಲಿ ಸದ್ದು ಶುದ್ಧವಾಗಿಲ್ಲ ಎಂದು ಗೊತ್ತಾದರೆ ಮೊದಲು ನೋಡಬೇಕಾದದ್ದು ಯುಎಸ್‌ಬಿ-ಸಿ ಡಾಂಗಲ್. ಸಾವಿರ ರೂಪಾಯಿ ಆಸುಪಾಸಿನ ಆಪಲ್‌ನ ಅಡಾಪ್ಟರ್ ವಿಂಡೋಸ್ ಕಂಪ್ಯೂಟರ್‌ನಲ್ಲೂ ಕೆಲಸ ಮಾಡುತ್ತದೆ. ಸುಮಾರು 1 ವೋಲ್ಟ್ ಕೊಡುತ್ತದೆ, ಔಟ್‌ಪುಟ್ ಇಂಪೀಡೆನ್ಸ್ 1 ಓಮ್‌ಗಿಂತ ಕಡಿಮೆ, ಮೈಕ್ ಕೂಡ ನಡೆಯುತ್ತದೆ. ಯುರೋಪ್‌ಗೆಂದು ತಯಾರಾದ ಮಾದರಿಯ ವೋಲ್ಟೇಜ್ ಮಾತ್ರ ಇದರ ಅರ್ಧದಷ್ಟು. ವಿದೇಶದಿಂದ ತರಿಸಿಕೊಳ್ಳುವವರು ಇದನ್ನು ಗಮನಿಸಿ.

ಗದ್ದಲದ ಜ್ಯಾಕ್‌ನಿಂದ ಬೇಸತ್ತ, ಸುಲಭವಾಗಿ ಓಡುವ ಹೆಡ್‌ಫೋನ್ ಇರುವವರಿಗೆ ಇಷ್ಟೇ ಸಾಕು. 250–300 ಓಮ್‌ನ ಹೆಡ್‌ಫೋನ್ ಇದ್ದರೆ 2 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಕೊಡುವ ಡಾಂಗಲ್‌ಗಳು ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಅವುಗಳ ವಿವರದಲ್ಲಿ 32 ಓಮ್‌ಗೆ ಎಷ್ಟು, 300 ಓಮ್‌ಗೆ ಎಷ್ಟು ಎಂದು ಎರಡನ್ನೂ ಬೇರೆಬೇರೆಯಾಗಿ ನೋಡಿ. 32 ಓಮ್‌ಗೆ ಹೇಳಿದ ಮಿಲಿವ್ಯಾಟ್ ಅಂಕಿ 300 ಓಮ್‌ಗೆ ಅನ್ವಯಿಸುವುದಿಲ್ಲ. 2 ವೋಲ್ಟ್ ಎಂಬುದು 32 ಓಮ್‌ನಲ್ಲಿ 125 ಮಿಲಿವ್ಯಾಟ್ ಆದರೆ 300 ಓಮ್‌ನಲ್ಲಿ ಬರೀ 13 ಮಿಲಿವ್ಯಾಟ್.

ಮೇಜಿನ ಮೇಲಿನ ಆಂಪ್ ಯಾವಾಗ?

ದಿನಕ್ಕೆ ಹಲವು ಗಂಟೆ ಹೆಡ್‌ಫೋನ್‌ನಲ್ಲೇ ಕೆಲಸ ಮಾಡುವವರಿಗೆ ಕೈಗೆಟುಕುವ ವಾಲ್ಯೂಮ್ ಗುಬ್ಬಿ ದೊಡ್ಡ ಅನುಕೂಲ. ಪ್ಲೇನಾರ್ ಬಗೆಯ ಹೆಡ್‌ಫೋನ್ ಇದ್ದವರಿಗೆ, ದೊಡ್ಡ 6.35 ಎಂಎಂ ಪ್ಲಗ್ ಬಳಸುವವರಿಗೆ, ಅದೇ ಪೆಟ್ಟಿಗೆಯಿಂದ ಸ್ಪೀಕರ್‌ಗೂ ಸಂಪರ್ಕ ಬೇಕೆನ್ನುವವರಿಗೆ ಮೇಜಿನ ಡ್ಯಾಕ್-ಆಂಪ್ ಸರಿ.

ದುಬಾರಿಯಾದದ್ದೇ ಒಳ್ಳೆಯದು ಎಂಬ ನಂಬಿಕೆಗೆ 2011ರಲ್ಲೇ ಪೆಟ್ಟು ಬಿದ್ದಿದೆ. ಹೆಸರು ಹೇಳಿಕೊಳ್ಳದೆ 'ಎನ್‌ಡಬ್ಲ್ಯುಎವಿಗೈ' ಎಂಬ ಗುರುತಿನಲ್ಲಿ ಬರೆಯುತ್ತಿದ್ದ ಎಂಜಿನಿಯರ್ ಒಬ್ಬರು 'ಆಬ್ಜೆಕ್ಟಿವ್ 2' ಎಂಬ ಆಂಪ್‌ನ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಸಾಮಾನ್ಯ ಬಿಡಿಭಾಗಗಳಿಂದಲೇ ತಯಾರಾಗುವ ಆ ಆಂಪ್ ಹಲವು ಪಟ್ಟು ಬೆಲೆಯ ಪೆಟ್ಟಿಗೆಗಳಿಗೆ ಮಾಪನದಲ್ಲಿ ಸಾಟಿಯಾಯಿತು. 2012ರಲ್ಲಿ ಅವರು ಬರೆಯುವುದನ್ನು ನಿಲ್ಲಿಸಿ ಕಣ್ಮರೆಯಾದರೂ ಅವರು ಹಾಕಿಕೊಟ್ಟ ದಾರಿ ಉಳಿಯಿತು. ಗದ್ದಲ, ವಿಕೃತಿ, ಔಟ್‌ಪುಟ್ ಇಂಪೀಡೆನ್ಸ್ ಎಲ್ಲವನ್ನೂ ಅಳೆದು ತೋರಿಸಿಯೇ ಮಾರುವ ಕಂಪನಿಗಳು ಇಂದು ಹಲವಿವೆ.

ಇನ್ನು '32 ಬಿಟ್, 768 ಕಿಲೋಹರ್ಟ್ಸ್' ಎಂಬ ಅಂಕಿ ನೋಡಿ ಬೆರಗಾಗಬೇಡಿ. ಸಿಡಿಯ ಗುಣಮಟ್ಟ 16 ಬಿಟ್, 44.1 ಕಿಲೋಹರ್ಟ್ಸ್. ನೀವು ಕೇಳುವ ಬಹುಪಾಲು ಸಂಗೀತ ಇಷ್ಟರಲ್ಲೇ ಇದೆ. ಫ್ಯಾನ್ ತಿರುಗುವ ಕೋಣೆಯಲ್ಲಿ, ಹೊರಗೆ ಏರ್‌ಪೋರ್ಟ್ ರಸ್ತೆಯ ಹಾರ್ನ್ ಸದ್ದು ಕೇಳುವ ಯೆರವಡಾದ ಫ್ಲಾಟ್‌ನಲ್ಲಿ ಇದಕ್ಕಿಂತ ಮೇಲಿನದ್ದು ಗೊತ್ತಾಗುವುದು ಕಷ್ಟ. ಅಂಥ ಕಡೆ ಸುತ್ತ ಮುಚ್ಚಿದ ಕಪ್‌ಗಳ ಹೆಡ್‌ಫೋನ್ ಮಾಡುವ ಉಪಕಾರವನ್ನು ಯಾವ ಆಂಪ್ ಕೂಡ ಮಾಡಲಾರದು.

ಮೀಟಿಂಗ್ ಇದ್ದವರು ಇದನ್ನು ಮರೆಯಬೇಡಿ

ಆಂಪ್ ಕೊಂಡ ಮೊದಲ ದಿನವೇ ಹಲವರಿಗೆ ಎದುರಾಗುವ ಸಮಸ್ಯೆ ಮೈಕ್‌ನದ್ದು. ಲ್ಯಾಪ್‌ಟಾಪ್‌ನ ಜ್ಯಾಕ್ ಹೆಡ್‌ಫೋನ್ ಮತ್ತು ಮೈಕ್ ಎರಡಕ್ಕೂ ಒಂದೇ. ಆದರೆ ಮೇಜಿನ ಆಂಪ್‌ಗಳಲ್ಲಿ ಹೆಚ್ಚಿನವುಗಳಿಗೆ ಮೈಕ್ ಸಂಪರ್ಕವೇ ಇರುವುದಿಲ್ಲ. ಹೆಡ್‌ಸೆಟ್ ಅನ್ನು ಅದಕ್ಕೆ ಚುಚ್ಚಿದರೆ ಕೇಳಿಸುತ್ತದೆ, ಮಾತಾಡಿದ್ದು ಮಾತ್ರ ಎದುರಿನವರಿಗೆ ತಲುಪುವುದಿಲ್ಲ.

ಪರಿಹಾರಗಳು ಮೂರು. ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಜಾಗಕ್ಕೆ ಆಂಪ್, ಮೈಕ್ ಜಾಗಕ್ಕೆ ಲ್ಯಾಪ್‌ಟಾಪ್‌ನ ಸ್ವಂತ ಮೈಕ್ ಆಯ್ದುಕೊಳ್ಳಬಹುದು. ಇಲ್ಲವೇ ಮೈಕ್ ಬೆಂಬಲ ಇರುವ ಡಾಂಗಲ್ ಕೊಳ್ಳಬಹುದು. ಮಾತು ಸ್ಪಷ್ಟವಾಗಿ ರೆಕಾರ್ಡ್ ಆಗಬೇಕು ಎನ್ನುವವರು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ನೋಡಬಹುದು. ಇದರಲ್ಲಿ ಮೈಕ್ ಸಂಪರ್ಕ, ಹೆಡ್‌ಫೋನ್ ಆಂಪ್ ಎರಡೂ ಇರುತ್ತವೆ. ಆದರೆ ಇವುಗಳ ಹೆಡ್‌ಫೋನ್ ಔಟ್‌ಪುಟ್ ಇಂಪೀಡೆನ್ಸ್ ಕೆಲವೊಮ್ಮೆ ಹೆಚ್ಚಿರುತ್ತದೆ, ಪರೀಕ್ಷಿಸಿಕೊಳ್ಳಿ.

ಕಚೇರಿಯ ಲ್ಯಾಪ್‌ಟಾಪ್ ಬಳಸುವವರಿಗೆ ಇನ್ನೊಂದು ಮಾತು. ಕಂಪನಿಗಳು ಸಾಮಾನ್ಯವಾಗಿ ಹೊಸ ಡ್ರೈವರ್ ಹಾಕಲು ಬಿಡುವುದಿಲ್ಲ. ವಿಂಡೋಸ್ 10ರ 2017ರ ಆವೃತ್ತಿಯಿಂದ ಯುಎಸ್‌ಬಿ ಆಡಿಯೋ ಕ್ಲಾಸ್ 2 ಸಾಧನಗಳು ಪ್ರತ್ಯೇಕ ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಮೊದಲಿಂದಲೂ ಆ ಸೌಲಭ್ಯ ಇದೆ. ಡ್ರೈವರ್ ಬೇಡದ ಸಾಧನವನ್ನೇ ಆರಿಸಿ. ಕಚೇರಿಯಲ್ಲಿ ಯುಎಸ್‌ಬಿ ಪೋರ್ಟ್‌ಗಳನ್ನೇ ನಿರ್ಬಂಧಿಸಿದ್ದರೆ ಕೊಳ್ಳುವ ಮುನ್ನ ಐಟಿ ವಿಭಾಗವನ್ನು ಕೇಳುವುದು ಒಳ್ಳೆಯದು.

ಗುಂಯ್ ಎನ್ನುವ ಸದ್ದು: ಆಂಪ್‌ನದ್ದಲ್ಲ, ಮನೆಯ ವೈರಿಂಗ್‌ನದ್ದಿರಬಹುದು

ಹೆಡ್‌ಫೋನ್‌ನಲ್ಲಿ ಸಣ್ಣ ಗುಂಯ್ ಸದ್ದು ಬರುತ್ತಿದೆಯೇ? ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕೇಳಿ ನೋಡಿ. ಸದ್ದು ನಿಂತರೆ ತೊಂದರೆ ಇರುವುದು ಚಾರ್ಜರ್ ಅಥವಾ ಅರ್ತಿಂಗ್‌ನಲ್ಲಿ. ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ತ್ ವೈರ್ ಜೋಡಣೆಯಾಗಿರುವುದಿಲ್ಲ. ಲೋಹದ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ಮೆನ್ನುವುದು ಇದರ ಗುರುತು. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿದರೆ ಆಂಪ್‌ಗೆ ಹಾಕುವ ಹಣವೇ ಉಳಿಯಬಹುದು. ಸುರಕ್ಷತೆಯೂ ಸಿಗುತ್ತದೆ.

ಕರೆಂಟ್‌ಗೆ ಜೋಡಿಸುವ ಆಂಪ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಕೊಟ್ಟರೆ ಇಂಥ ಸದ್ದು ಬಹಳಷ್ಟು ತಗ್ಗುತ್ತದೆ. ಕಂಪ್ಯೂಟರ್‌ನಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಅದನ್ನು ಬಳಸಿ. ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ ಗದ್ದಲ ದಾಟಿ ಬರಲಾರದು. ಸದ್ದು ತಪ್ಪಿಸಲು ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಮುರಿಯುವ ಸಾಹಸಕ್ಕೆ ಮಾತ್ರ ಎಂದೂ ಕೈಹಾಕಬೇಡಿ, ಅದು ಪ್ರಾಣಕ್ಕೇ ಅಪಾಯ.

ಅಮೆರಿಕದಿಂದ ಬರುವ ನೆಂಟರ ಕೈಲಿ ಆಂಪ್ ತರಿಸಿಕೊಳ್ಳುವವರೂ ಇದ್ದಾರೆ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230 ವೋಲ್ಟ್. ಲ್ಯಾಪ್‌ಟಾಪ್ ಚಾರ್ಜರ್‌ನಂತೆ ಎಲ್ಲ ಕಡೆಯೂ ನಡೆಯುವ ಅಡಾಪ್ಟರ್ ಎಲ್ಲ ಆಂಪ್‌ಗಳ ಜೊತೆ ಬರುವುದಿಲ್ಲ. ಅಮೆರಿಕದ ಕೆಲವು ಜನಪ್ರಿಯ ಆಂಪ್‌ಗಳ ಅಡಾಪ್ಟರ್ ಎಸಿ ಕರೆಂಟನ್ನೇ ತಗ್ಗಿಸಿ ಕೊಡುತ್ತದೆ. ಅದರ ಬದಲು ಮನೆಯಲ್ಲಿರುವ ಡಿಸಿ ಅಡಾಪ್ಟರ್ ಹಾಕಿದರೆ ನಡೆಯದು. 230 ವೋಲ್ಟ್ ಮಾದರಿಯನ್ನೇ ಕೇಳಿ ತರಿಸಿ. ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಆಂಪ್ ಆದರೆ ಈ ಚಿಂತೆ ಇಲ್ಲ.

ಅಂಗಡಿಗೆ ಹೋಗುವುದಾದರೆ

ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ ಹೆಸರಾದದ್ದು ಬುಧವಾರ ಪೇಠೆಯ ತಾಪಕೀರ್ ಗಲ್ಲಿ. ಯೆರವಡಾದಿಂದ ಮೆಟ್ರೊ ಹತ್ತಿ ಸಿವಿಲ್ ಕೋರ್ಟ್‌ನಲ್ಲಿ ಮಾರ್ಗ ಬದಲಿಸಿ ಮಂಡಈ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಗೊತ್ತೇ ಇದೆ. ಕೇಬಲ್, 6.35 ಎಂಎಂ ಕನ್ವರ್ಟರ್, ಎಕ್ಸ್‌ಟೆನ್ಷನ್ ಬೋರ್ಡ್‌ನಂಥವು ಇಂಥ ಕಡೆ ಅಗ್ಗ. ಆಂಪ್ ಮಾತ್ರ ಭಾರತದಲ್ಲಿ ವಾರಂಟಿ ಇರುವ ಅಧಿಕೃತ ಮಾರಾಟಗಾರರಿಂದ, ಬಿಲ್ ಸಹಿತ ಕೊಳ್ಳಿ. ವಾಪಸ್ ಮಾಡುವ ಅವಕಾಶ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕೇಳಿ ನೋಡುವ ಅವಕಾಶ ಸಿಕ್ಕರೆ ಹೀಗೆ ಪರೀಕ್ಷಿಸಿ. ಸಂಗೀತ ನಿಲ್ಲಿಸಿ ವಾಲ್ಯೂಮ್ ನಿಧಾನವಾಗಿ ಏರಿಸಿ, ಸುಯ್ ಎನ್ನುವ ಸದ್ದು ಎಲ್ಲಿಂದ ಶುರುವಾಗುತ್ತದೆ ಗಮನಿಸಿ. ವಾಲ್ಯೂಮ್ ತಗ್ಗಿಸಿಯೇ ಹಾಡು ಹಚ್ಚಬೇಕು ಎಂಬುದು ನೆನಪಿರಲಿ. ತಂಬೂರಿಯ ನಾದದಿಂದ ಶುರುವಾಗುವ, ನಿಮಗೆ ಚೆನ್ನಾಗಿ ಪರಿಚಯವಿರುವ ರೆಕಾರ್ಡಿಂಗ್ ಒಂದನ್ನು ಆರಿಸಿಕೊಳ್ಳಿ. ಭೀಮಸೇನ ಜೋಶಿ ಅಥವಾ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣಗಳು ಇದಕ್ಕೆ ತಕ್ಕವು. ಮೆಲುನಾದದ ಹಿಂದೆ ಗುಂಯ್‌ಗುಟ್ಟುವಿಕೆ ಇಲ್ಲವೇ, ದನಿ ಏರಿದಾಗ ಒಡೆಯುತ್ತಿಲ್ಲವೇ ಎಂಬುದು ಇಲ್ಲಿ ಬೇಗ ತಿಳಿಯುತ್ತದೆ. ಎರಡು ಆಂಪ್ ಹೋಲಿಸುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಮನೆಗೆ ತಂದ ಮೇಲೆ

ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಆಂಪ್ ಅನ್ನು ಔಟ್‌ಪುಟ್ ಆಗಿ ಆರಿಸಿ, ಆಡಿಯೋ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿ. ಆಂಪ್‌ನ ಗುಬ್ಬಿಯನ್ನು ಮೊದಲು ಪೂರ್ತಿ ತಗ್ಗಿಸಿ, ಆಮೇಲೆ ವಿಂಡೋಸ್ ವಾಲ್ಯೂಮ್ ಅನ್ನು 100ರ ಹತ್ತಿರ ಇಡಿ. ಮುಂದೆ ಗುಬ್ಬಿಯಿಂದಲೇ ಏರಿಸಿ ಇಳಿಸಿ. ಗೇನ್ ಸ್ವಿಚ್ ಇದ್ದರೆ 'ಲೋ'ದಿಂದ ಶುರು ಮಾಡಿ. ಇಯರ್‌ಫೋನ್ ಅನ್ನು 'ಹೈ' ಗೇನ್‌ನಲ್ಲಿ ಹಾಕಿದರೆ ಸುಯ್ ಸದ್ದು ಕೇಳುತ್ತದೆ. ಗುಬ್ಬಿ ತೀರಾ ಕೆಳಗಿರುವಾಗ ಕೆಲವು ಆಂಪ್‌ಗಳಲ್ಲಿ ಎಡ-ಬಲ ಕಿವಿಗಳ ಸದ್ದೂ ಸಮ ಇರುವುದಿಲ್ಲ.

ಕಿವಿ ಒಂದೇ ಜೊತೆ

ಬಲವಾದ ಆಂಪ್ ಬಂದ ಮೇಲೆ ಹುಷಾರಾಗಿರಬೇಕಾದದ್ದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಿತಿ. ಮಕ್ಕಳಿಗೆ ಇದು 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಸುರಕ್ಷಿತ ಸಮಯ ಅರ್ಧವಾಗುತ್ತದೆ. ಅಂದರೆ 83 ಡೆಸಿಬೆಲ್‌ನಲ್ಲಿ 20 ಗಂಟೆ, 86ರಲ್ಲಿ 10 ಗಂಟೆ, 89ರಲ್ಲಿ ವಾರಕ್ಕೆ 5 ಗಂಟೆ ಮಾತ್ರ.

ದಿನವಿಡೀ ಮೀಟಿಂಗ್, ಸಂಜೆ ಹಾಡು ಎನ್ನುವವರಿಗೆ ವಾರಕ್ಕೆ 40 ಗಂಟೆ ಸುಲಭವಾಗಿ ತುಂಬುತ್ತದೆ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಕಳೆದುಹೋದ ಶ್ರವಣಶಕ್ತಿಯನ್ನು ಯಾವ ಆಂಪ್ ಕೂಡ ವಾಪಸ್ ತರುವುದಿಲ್ಲ.

ಪದೇಪದೇ ಕೇಳುವ ಪ್ರಶ್ನೆಗಳು

ಆಂಪ್‌ನ ಶಕ್ತಿ ಹೆಚ್ಚಿದ್ದರೆ ಹೆಡ್‌ಫೋನ್ ಸುಟ್ಟುಹೋಗುತ್ತದೆಯೇ?
ಗುಬ್ಬಿ ಹದದಲ್ಲಿದ್ದರೆ ಇಲ್ಲ. ಹೆಡ್‌ಫೋನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ ಗುಬ್ಬಿ ಮೇಲಿದ್ದಾಗ ಇಯರ್‌ಫೋನ್ ಚುಚ್ಚಿದರೆ ಇಯರ್‌ಫೋನ್‌ಗೂ ಕಿವಿಗೂ ಅಪಾಯ.

ಬ್ಯಾಲೆನ್ಸ್ಡ್ 4.4 ಎಂಎಂ ಬೇಕೇ?
ಸಾಮಾನ್ಯವಾಗಿ ಇದರಲ್ಲಿ ಹೆಚ್ಚು ವೋಲ್ಟೇಜ್ ಸಿಗುತ್ತದೆ. ನಿಮ್ಮ ಹೆಡ್‌ಫೋನ್‌ಗೆ ಬೇಕಾದಷ್ಟು ಸಾಮಾನ್ಯ ಜ್ಯಾಕ್‌ನಲ್ಲೇ ಸಿಗುತ್ತಿದ್ದರೆ ಅಗತ್ಯವಿಲ್ಲ. ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆ ಕನ್ವರ್ಟರ್ ಹಾಕಿ ಸಾಮಾನ್ಯ 3.5 ಎಂಎಂ ಹೆಡ್‌ಫೋನ್ ಜೋಡಿಸಬೇಡಿ, ಆಂಪ್ ಹಾಳಾಗಬಹುದು.

ಆಂಪ್ ಹಾಕಿದರೆ ಧ್ವನಿಯ ಗುಣ ಪೂರ್ತಿ ಬದಲಾಗುತ್ತದೆಯೇ?
ಇರುವ ಜ್ಯಾಕ್‌ನಲ್ಲಿ ಶಕ್ತಿ ಸಾಲದಿದ್ದರೆ, ಗದ್ದಲವಿದ್ದರೆ ಅಥವಾ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಿದ್ದರೆ ಬದಲಾವಣೆ ಗೊತ್ತಾಗುತ್ತದೆ. ಈ ಮೂರೂ ಇಲ್ಲದಿದ್ದರೆ ಹಣ ಉಳಿಸಿ.

ಕೊಳ್ಳುವ ಮುನ್ನ ಒಂದು ಪಟ್ಟಿ

* ಹೆಡ್‌ಫೋನ್‌ನ ಇಂಪೀಡೆನ್ಸ್, ಸೆನ್ಸಿಟಿವಿಟಿ ಬರೆದುಕೊಳ್ಳಿ. ಮಿಲಿವ್ಯಾಟ್‌ಗೋ ವೋಲ್ಟ್‌ಗೋ ನೋಡಿ
* 110 ಡೆಸಿಬೆಲ್‌ಗೆ ಬೇಕಾದ ವೋಲ್ಟ್, ಮಿಲಿವ್ಯಾಟ್ ಲೆಕ್ಕ ಹಾಕಿ
* ಇರುವ ಜ್ಯಾಕ್‌ನಲ್ಲೇ ಸಾಕಾದರೆ ಅಲ್ಲಿಗೇ ನಿಲ್ಲಿಸಿ
* ಸಾಲದಿದ್ದರೆ ಮೊದಲು ಡಾಂಗಲ್, ಆಮೇಲೆ ಮೇಜಿನ ಆಂಪ್
* ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಅಥವಾ ಕಡಿಮೆ ಇರಲಿ
* ಮೈಕ್, ಡ್ರೈವರ್, 230 ವೋಲ್ಟ್ ಅಡಾಪ್ಟರ್, ವಾರಂಟಿ ಖಚಿತಪಡಿಸಿಕೊಳ್ಳಿ

ಹತ್ತು ನಿಮಿಷದ ಈ ಲೆಕ್ಕ ಮಾಡಿದವರಲ್ಲಿ ಬಹಳಷ್ಟು ಮಂದಿಗೆ ಆಂಪ್ ಬೇಕಿಲ್ಲ ಎಂಬ ಉತ್ತರವೇ ಸಿಗುತ್ತದೆ. ಬೇಕು ಎಂಬ ಉತ್ತರ ಬಂದವರಿಗೂ ಎಷ್ಟು ಬೇಕು ಎಂಬುದು ಗೊತ್ತಿರುವುದರಿಂದ, ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗುವುದಿಲ್ಲ.